ಸೀಮೆಸುಣ್ಣದ ಗೆರೆ

“ಇದೇನು, ಬೆಕ್ಕು ಮುಖ ತೊಳ್ಕೊಳ್ಳೋಕೆ ಕಟ್ಟಿದ್ದಾ?”

ಶಿಕ್ಷಣ ಇಲಾಖೆಯ ಸಾಹೇಬರು ಕೇಳಿದ್ದು ಯಾರನ್ನೂ ಅಲ್ಲ. ಮೊಣಕಾಲಿಗೆ ಬಡಿದ ವಾಶ್‌ಬೇಸಿನ್ನನ್ನು ದುರುಗುಟ್ಟಿ ನೋಡುತ್ತ ತಮಗೆ ತಾವೇ ಕೇಳಿಕೊಂಡದ್ದು. ಆದರೂ ಹಿಂದೆ ನಿಂತಿದ್ದ ಮೇಸ್ತ್ರಿ ತಲೆಯ ರುಮಾಲು ಬಿಚ್ಚಿ ಕೈಗೆ ತೆಗೆದುಕೊಂಡ. ಹಳೆಯ ಶಾಲೆಗೆ ತೇಪೆ ಹಾಕಿ, ಪಕ್ಕದಲ್ಲಿ ಹೊಸ ಕೋಣೆಗಳನ್ನು ಎಬ್ಬಿಸುವಷ್ಟರಲ್ಲಿ ಅವನ ಬೇಸಿಗೆಯೆಲ್ಲ ಬೆವರಾಗಿ ಹರಿದಿತ್ತು. ಸಾಹೇಬರು ಒಪ್ಪದಿದ್ದರೆ ಅಷ್ಟನ್ನೂ ಒಡೆಯಬೇಕು. ಮಕ್ಕಳು ಮತ್ತೆ ಹಳೆಯ ಕಟ್ಟಡದಲ್ಲೇ ಒಬ್ಬರ ಮೇಲೊಬ್ಬರು ಕೂರಬೇಕು.

ಸಾಹೇಬರು ಬಾಗಿಲ ಚಿಲಕಕ್ಕಾಗಿ ತಡಕಾಡಿ ಸೊಂಟ ಬಗ್ಗಿಸಿದರು. ಶೌಚಾಲಯದೊಳಗೆ ಹೋದವರು ಹೋದಷ್ಟೇ ಬೇಗ ಹೊರಬಂದರು. ಮುಖ ಕೆಂಪೇರಿತ್ತು.

“ಅಳತೆ ಕೊಟ್ಟೋರು ಯಾರಯ್ಯಾ?”

“ದೊಡ್ಡ ಟೀಚರು ಸಾರ್. ಒಂದನೇ ಕ್ಲಾಸಲ್ಲಿ ಎಲ್ಲರಿಗಿಂತ ಗಿಡ್ಡ ಇರೋ ಮಗೂನ ಗೋಡೆಗೆ ಒರಗಿಸಿ, ಸೀಮೆಸುಣ್ಣದಲ್ಲಿ ಗೆರೆ ಎಳೆದ್ರು. ನಾನು ಗೆರೆ ದಾಟಿಲ್ಲ.”

ದೊಡ್ಡ ಟೀಚರು ಅನ್ನಿಸಿಕೊಂಡ ಮುಖ್ಯೋಪಾಧ್ಯಾಯಿನಿ ಸೆರಗು ಸರಿಪಡಿಸಿಕೊಂಡು ಮುಂದೆ ಬಂದರು.

“ಎಸಿಗೆ ಜಾಗ ಬಿಡಿ ಅಂದಿದ್ದೆ. ಹೊರಗಿನ ಗಲಾಟೆ ಒಳಗೆ ಕೇಳಿಸಬಾರದು ಅಂದಿದ್ದೆ. ನೆನಪಿದೆಯಾ ಮೇಡಂ?”

“ಚೆನ್ನಾಗಿ ನೆನಪಿದೆ ಸಾರ್.”

ಮೇಸ್ತ್ರಿಗೂ ನೆನಪಿತ್ತು. ಪಾಯ ತೆಗೆದಂದಿನಿಂದ ಸಾಹೇಬರು ವಾರವಾರವೂ ಬಂದು ತಂಪು, ನಿಶ್ಶಬ್ದ ಎಂದು ಜಪಿಸುತ್ತಿದ್ದರು. ಇಂಥ ಅಧಿಕಾರಿ ಸಿಗಬೇಕಾದರೆ ಈ ಮಕ್ಕಳು ಎಷ್ಟು ಪುಣ್ಯ ಮಾಡಿರಬೇಕೋ ಎಂದು ಅವನು ಹೆಂಡತಿಯ ಹತ್ತಿರ ಹೇಳಿಕೊಂಡಿದ್ದ.

“ಎಲ್ಲಾ ಒಡೆದು ಹಾಕ್ರಿ!”

“ಆಗಲಿ ಸಾರ್,” ಎಂದರು ದೊಡ್ಡ ಟೀಚರು, ದೇವರ ಪದ ಹಾಡುವಷ್ಟೇ ಮೆತ್ತಗೆ. “ಕಾರಣ ಮಾತ್ರ ಬರೆದುಕೊಡಿ. ಶಾಲೆ ಮಕ್ಕಳಿಗೆ ಸರಿಹೋಗೋ ಹಾಗಿದೆ, ಅದಕ್ಕೇ ಒಡೀತಿದೀವಿ ಅಂತ.”

ಜೇಬಿನ ಪೆನ್ನಿಗೆ ಹೋದ ಸಾಹೇಬರ ಕೈ ಅರ್ಧದಲ್ಲೇ ಹಿಂದೆ ಬಂತು.

ಅಷ್ಟರಲ್ಲಿ ಗೇಟಿನ ಹತ್ತಿರ ಲಾರಿಯೊಂದು ಹಾರನ್ ಹೊಡೆಯಿತು. ಚಾಲಕ ಇಳಿದು ಕೂಗಿದ: “ಸಾಹೇಬ್ರೇ, ನಿಮ್ಮ ಮೇಜು, ತಿರುಗೋ ಕುರ್ಚಿ, ಆಫೀಸಿನ ಬೋರ್ಡು, ಎಲ್ಲಾ ಬಂತು. ಈ ಹೊಸ ಕಟ್ಟಡಕ್ಕೇ ತಾನೇ?”

ಮೇಸ್ತ್ರಿ ಸಾಹೇಬರನ್ನು ನೋಡಿದ, ದೊಡ್ಡ ಟೀಚರನ್ನು ನೋಡಿದ. ಬರುತ್ತಿದ್ದ ನಗುವನ್ನು ಕೆಮ್ಮು ಮಾಡಿಕೊಂಡ.

ಸಾಹೇಬರು ದನಿ ತಗ್ಗಿಸಿದರು. “ಮೇಡಂ, ಮಕ್ಕಳಿಗೆ ಹಳೇ ಕಟ್ಟಡ ಹೇಗೂ ಅಭ್ಯಾಸ ಆಗಿದೆ. ನನಗೆ ಒಂದೇ ಒಂದು ರೂಮು...”

“ಕೊಡಲ್ಲ ಸಾರ್.”