ಅನ್ನಶುದ್ಧಿ

ಮೂವತ್ತೊಂಬತ್ತನೇ ಡಬ್ಬಿಗೆ ತುಪ್ಪ ಬಿಟ್ಟು ನಲವತ್ತನೆಯದಕ್ಕೆ ಮಿಳ್ಳೆ ಬಗ್ಗಿಸುವಷ್ಟರಲ್ಲಿ ವರದಾ ಸ್ನಾನ ಮುಗಿಸಿ ಅಡುಗೆಮನೆಗೆ ಬಂದಳು.

"ಅತ್ತೆ! ಎಂತ ಮಾಡ್ತಿದೀರಿ?"

"ಒಂದೊಂದೇ ತೊಟ್ಟು ಮಾರಾಯ್ತಿ, ಜಾಸ್ತಿ ಬಿಟ್ಟಿಲ್ಲ," ಅಂದರು ಸರಸ್ವತಮ್ಮ, ಸೊಸೆಗೆ ಉಪಕಾರ ಮಾಡಿದ ಸಂತೋಷದಲ್ಲಿ. "ಅನ್ನ ಅರೆದು ಹಾಕಿದೀಯಲ್ಲ. ತುಪ್ಪ ಬೀಳದೆ ಅನ್ನಶುದ್ಧಿ ಆಗೋದು ಹೇಗೆ? ಮೊದಲನೇ ಸಲ ಇಷ್ಟು ದೊಡ್ಡ ಆರ್ಡರ್ ಮನೆಯಿಂದ ಹೊರಗೆ ಹೋಗ್ತಾ ಇದೆ. ಹಾಗೇ ಕಳಿಸಬಾರದು, ನಿನಗೆ ಒಳ್ಳೇದಾಗಲಿ ಅಂತ ಬಿಟ್ಟೆ."

ವರದಾ ಬಾಗಿಲಿಗೆ ಒರಗಿ ನಿಂತಳು. ಸಿಟ್ಟು ಬರಬೇಕಿತ್ತು. ಸಿಟ್ಟಿಗೂ ಒಂಚೂರು ಶಕ್ತಿ ಬೇಕಲ್ಲ! ನಾಲ್ಕೂವರೆಗೆ ಎದ್ದವಳು. ಅನ್ನ ಮೆತ್ತಗೆ ಬೇಯಿಸಿ, ಲೋಳೆಸರ ಸಿಗಿದು, ಸೌತೆಕಾಯಿ ತುರಿದು ಹಿಂಡಿ, ಎಲ್ಲ ನುಣ್ಣಗೆ ಅರೆದು, ಬಟ್ಟೆಯಲ್ಲಿ ಸೋಸಿ ಡಬ್ಬಿಗೆ ತುಂಬುವಾಗ ಒಂಬತ್ತು ದಾಟಿತ್ತು. ಸೊಂಟ ತನ್ನದೇ ಅಲ್ಲ ಅನ್ನುವ ಹಾಗಾಗಿತ್ತು. ಪಕ್ಕದಲ್ಲಿ ರಾಶಿ ಹಾಕಿದ್ದ ಮುಚ್ಚಳಗಳ ಮೇಲೆ ಅವಳೇ ಬರೆದು ಅಂಟಿಸಿದ ಚೀಟಿ: 'ಒಣ ಚರ್ಮಕ್ಕೆ ತಂಪು ಲೇಪ. ಹಾಲು, ಮೊಸರು, ತುಪ್ಪ, ಜೇನು ಯಾವುದೂ ಇಲ್ಲ. ಪೂರ್ತಿ ವೀಗನ್.'

"ಅದು ಮುಖಕ್ಕೆ ಹಚ್ಚೋದು ಅತ್ತೆ, ಊಟಕ್ಕಲ್ಲ. ಸಾಗರದ ಸಮೀಕ್ಷಾ ನಾಳೆ ಯೋಗ ಶಿಬಿರ ಇಟ್ಕೊಂಡಿದಾಳೆ. ಬರೋರು ಯಾರೂ ದನದ್ದು, ಜೇನಿಂದು ತಿನ್ನಲ್ಲ, ಮೈಗೂ ಹಚ್ಚಲ್ಲ. ಹತ್ತು ಸಲ ಹೇಳಿದಾಳೆ. ಇದು ಸರಿ ಹೋದ್ರೆ ಮುಂದಿನ ಶಿಬಿರಕ್ಕೆಲ್ಲ ನಂದೇ ಲೇಪ ಅಂದಿದಾಳೆ."

"ಅಯ್ಯೋ ದೇವರೇ," ಸರಸ್ವತಮ್ಮ ಮಿಳ್ಳೆ ಕೆಳಗಿಟ್ಟರು. "ತುಪ್ಪವೂ ಆಗಲ್ವಾ? ತುಪ್ಪದಲ್ಲಿ ಎಂಥ ದೋಷ?"

ಅಷ್ಟರಲ್ಲಿ ಸ್ಕೂಟರಿನ ಕೀ ಹಿಡಿದು ಮಧುಸೂದನ ಬಂದ. ಕಾಲೇಜಿನ ಆಫೀಸಿಗೆ ಹೋಗುವ ದಾರಿಯಲ್ಲಿ ತೀರ್ಥಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಪೆಟ್ಟಿಗೆಯನ್ನು ಸಾಗರದ ಬಸ್ಸಿಗೆ ಹಾಕುವುದು ಅವನ ಕೆಲಸ. ತಾಯಿಯ ಮುಖ, ಹೆಂಡತಿಯ ಮುಖ ಎರಡನ್ನೂ ನೋಡಿ, ವಿಷಯ ಕೇಳಿ, ನಕ್ಕುಬಿಟ್ಟ. "ಇಷ್ಟೇನಾ? ಚಮಚ ಹಾಕಿ ತಿರುಗಿಸಿ ಮುಚ್ಚು. ತುಪ್ಪ ಬಿದ್ದಿದೆ ಅಂತ ಯಾರ ಕೆನ್ನೆ ಬಾಯಿ ಬಿಟ್ಟು ಹೇಳ್ತದೆ? ಬೇಗ ಮಾಡು. ಹತ್ತೂವರೆದು ತಪ್ಪಿದ್ರೆ ಮತ್ತೆ ಎರಡೂವರೆಗೇ ಬಸ್ಸು."

ಫೋನು ಹೊಡೆದುಕೊಂಡಿತು. ಸಮೀಕ್ಷಾ. "ಅಕ್ಕ, ಬಸ್ಸಿಗೆ ಹಾಕಿದ್ರಾ?"

"ಹಾಕ್ತಾ ಇದೀವಿ," ಅಂದುಬಿಟ್ಟಳು ವರದಾ. ಫೋನಿಟ್ಟ ಮೇಲೆ ನಾಚಿಕೆಯಾಯಿತು. ಆದರೆ ಅವಳಿಗೆ ಒಂದು ಗಂಟೆ ಮಲಗಬೇಕಿತ್ತು. ಆ ಆಸೆಯ ಮುಂದೆ ನಾಚಿಕೆ ನಿಲ್ಲಲಿಲ್ಲ. ಚಮಚ ತಗೊಂಡು ಮೊದಲನೇ ಡಬ್ಬಿ ತಿರುಗಿಸಿ ಮುಚ್ಚಿದಳು. ಅಂಚಿಗೆ ಮೆತ್ತಿದ್ದನ್ನು ಬೆರಳಲ್ಲಿ ಒರೆಸಿ ಎರಡನೆಯದನ್ನೂ ಮುಚ್ಚಿದಳು.

"ಅಲ್ಲ ವರದಾ, ತುಪ್ಪ ಮುಟ್ಟಬಾರದು ಅಂತ ಅವರಿಗೆ ಹೇಳಿದ್ದಾದರೂ ಯಾರು? ಗುರುಗಳಾ?" ಸರಸ್ವತಮ್ಮ ಇನ್ನೂ ಅಲ್ಲೇ ಇದ್ದರು.

"ಯಾರೂ ಇಲ್ಲ ಅತ್ತೆ. ಹಾಲು ಕರುವಿನದ್ದು, ಜೇನು ಹುಳದ್ದು, ನಾವು ಕಿತ್ಕೋಬಾರದು ಅಂತ ಅವರವರೇ ಮಾಡ್ಕೊಂಡ ನೇಮ."

"ಮುರಿದ್ರೆ ಯಾರಾದ್ರೂ ಕೇಳ್ತಾರಾ?"

"ಯಾರು ಕೇಳ್ತಾರೆ? ಅವರಷ್ಟಕ್ಕೆ ಅವರು."

ಸರಸ್ವತಮ್ಮ ತುಪ್ಪದ ಮಿಳ್ಳೆಯನ್ನು ಡಬ್ಬಿಗಳಿಂದ ದೂರ ಸರಿಸಿಟ್ಟರು. ಆಮೇಲೆ, "ಹಾಗಾದ್ರೆ ಅದೂ ಮಡಿಯೇ ಅನ್ನು. ಮುಚ್ಚಬೇಡ, ಇಡು ಚಮಚ," ಅಂದರು.

"ಅಮ್ಮಾ, ಬಸ್ಸು," ಅಂದ ಮಧುಸೂದನ.

"ನಿನ್ನ ಕಾಲೇಜಿಗೆ ನೀನು ಹೋಗು. ಎರಡೂವರೆ ಬಸ್ಸಿಗೆ ನಾನೇ ಹೊತ್ಕೊಂಡು ಹೋಗಿ ಹಾಕ್ತೀನಿ. ಹೊಸದಾಗಿ ಅರೆದ್ರಾಯ್ತು, ಲೋಳೆಸರ ಕೆಳಗಿನ ಮನೆ ಹೇಮಾವತಿ ಹತ್ರ ಕುಂಡದ ತುಂಬ ಇದೆ."

"ಅತ್ತೆ, ನನ್ನ ಕೈಲಾಗಲ್ಲ. ನಿಜವಾಗ್ಲೂ ಆಗಲ್ಲ." ವರದಾಳ ದನಿಯಲ್ಲಿ ಅಳುವೇ ಬಂತು. "ಒಂದು ತೊಟ್ಟು. ಯಾರಿಗೂ ಗೊತ್ತಾಗಲ್ಲ."

"ಐವತ್ತು ವರ್ಷ ಮಡಿ ಉಟ್ಟು, ಬಾಗಿಲು ಹಾಕ್ಕೊಂಡು, ಒಬ್ಬಳೇ ಅಡುಗೆ ಮಾಡಿದೀನಿ. ಒಳಗೆ ನಾನು ಎಂತ ಮುಟ್ಟಿದೆ, ಎಂತ ಬಿಟ್ಟೆ, ಯಾರಿಗೆ ಗೊತ್ತಿತ್ತು? ಆದ್ರೂ ಕೈ ತಪ್ಪಿ ಮುಟ್ಟಬಾರದ್ದನ್ನು ಮುಟ್ಟಿದ ದಿನ, ಜ್ವರ ಇದ್ರೂ ಮತ್ತೆ ತಲೆ ಮೇಲೆ ನೀರು ಸುರ್ಕೊಂಡೇ ಬಂದಿದೀನಿ. ಕೆಡಿಸಿದೋಳು ನಾನು, ನಾನೇ ಮಾಡ್ತೀನಿ. ನೀನು ಎಷ್ಟು ಅಕ್ಕಿ, ಎಷ್ಟು ನೀರು ಅಂತ ಕೂತ್ಕೊಂಡು ಹೇಳು ಸಾಕು."

ಮಂಡಿ ಹಿಡಿದುಕೊಂಡು ಸಿಂಕಿನ ಹತ್ತಿರ ಹೋದರು. ಕಡಲೆಹಿಟ್ಟು ಹಾಕಿ ಕೈ ತಿಕ್ಕಿ ತೊಳೆದರು. ಬೆರಳು ಮೂಸಿ ನೋಡಿದರು. ಸಮಾಧಾನ ಆಗಲಿಲ್ಲ, ಸೋಪು ಹಾಕಿ ಮತ್ತೆ ತೊಳೆದು ಮತ್ತೆ ಮೂಸಿದರು. ಹಸಿ ಕೈ ಸೆರಗಿಗೆ ತಾಗದಂತೆ ಎತ್ತಿ ಹಿಡಿದುಕೊಂಡು ಅಕ್ಕಿ ಡಬ್ಬಿಯ ಕಡೆ ತಿರುಗಿದರು.

ನೋಡಲಾರದೆ ವರದಾ ತಾನೇ ಮುಂದೆ ಬಂದು ಅಕ್ಕಿ ಡಬ್ಬಿಗೆ ಕೈ ಚಾಚಿದಳು.

"ದೂರ ನಿಲ್ಲು," ಅಂದರು ಸರಸ್ವತಮ್ಮ. "ನಿನ್ನ ಕೈಗೆ ತುಪ್ಪ ತಾಗಿದೆ."