ಅಪ್ಪ ಶ್ರುತಿ ಮಾಡಿಕೊಟ್ಟದ್ದು

ನಾಜಿಮಾಳ ಕಿರುಬೆರಳು ಕೊನೆಗೂ ವಾದ್ಯದ ಕತ್ತಿನ ಮೇಲಿನ ಆ ದೂರದ ಮೆಟ್ಟಿಲನ್ನು ಮುಟ್ಟಿತು. ಪುಟ್ಟ ಗಿಟಾರಿನಂಥ ಯುಕುಲೇಲಿಯ ನಾಲ್ಕೂ ತಂತಿಗಳು ಒಟ್ಟಿಗೆ ನುಡಿದವು. ತಿಂಗಳುಗಟ್ಟಲೆ ಕೈಗೆ ಸಿಗದಿದ್ದ ಜಾಝ್ ಸಂಗೀತದ ಸ್ವರಮೇಳ. ಒಂದನ್ನೊಂದು ತಾಗಿಯೂ ಒಂದಾಗದ ಸ್ವರಗಳು. ಮುದ್ದೇಬಿಹಾಳದಲ್ಲಿ ಇದನ್ನು ಯಾರಿಗೆ ಕೇಳಿಸುವುದು ಎಂದುಕೊಳ್ಳುವಷ್ಟರಲ್ಲಿ ಅಪ್ಪ ಮಶಾಕಸಾಬ ಬಾಗಿಲಲ್ಲಿ ನಿಂತಿದ್ದ. ಓಣಿಯ ಭಜನೆಗೆ ಏಕತಾರಿ ನುಡಿಸುವವನು. ಅವಳ ಈ ‘ಆಟಿಗಿ ಸಾಮಾನಿ’ನ ಹತ್ತಿರ ಎಂದೂ ಸುಳಿದವನಲ್ಲ.

“ಇನ್ನೊಮ್ಮೆ ಬಾರಸು,” ಎಂದ.

ನುಡಿಸಿದಳು. ಅವನು ಕಣ್ಣು ಮುಚ್ಚಿ ಕೇಳಿದ.

“ಅದಕ್ಕ ಇಷ್ಟ ದಿನ ಒದ್ದಾಡಾಕತ್ತಿದ್ದಿ ನೋಡು. ಇದರ ಸುತೀನ ಕೂಡಿಲ್ಲ, ಮಗಳ. ಕೊಡ ಇಲ್ಲಿ.”

ಇದು ಹೀಗೇ ಇರಬೇಕು ಎಂಬ ಮಾತು ಅವಳ ಗಂಟಲವರೆಗೆ ಬಂತು. ಅಷ್ಟರಲ್ಲಿ ಅಪ್ಪ ಪಕ್ಕದಲ್ಲೇ ಕುಳಿತು, ಯುಕುಲೇಲಿಯನ್ನು ಎದೆಗೆ ಆನಿಸಿಕೊಂಡು, ಗುನುಗುತ್ತ ಬಿರಡೆಗಳನ್ನು ತಿರುಗಿಸತೊಡಗಿದ್ದ. ತಂತಿಗಳು ಒಂದೊಂದಾಗಿ ಅವನ ಷಡ್ಜ ಪಂಚಮಗಳಿಗೆ ಬಂದು ಸೇರಿದವು.

“ಹಾಂ, ಈಗ ಬಾರಸು.”

ನಾಜಿಮಾ ಮೆಟ್ಟಿಲುಗಳ ಮೇಲೆ ಬೆರಳಿಡಲಿಲ್ಲ; ಆ ಸ್ವರಮೇಳ ಇನ್ನು ಅಲ್ಲಿ ಸಿಗುವಂತಿರಲಿಲ್ಲ. ಬರಿಯ ತಂತಿಗಳನ್ನಷ್ಟೇ ಮೀಟಿದಳು.

“ಹೌದಪ್ಪಾ, ಈಗ ಕೂಡಿತು,” ಎಂದಳು.