ತಿಗರಿಯ ಚೀಟಿ

‘ಪ್ರಕಟಿಸಿ’ ಎಂಬ ಬಟನ್ ಮೇಲೆ ಇಟ್ಟ ಬೆರಳನ್ನು ಸೊಸೆ ಮತ್ತೆ ಹಿಂದಕ್ಕೆ ತೆಗೆದಳು. ದುಡ್ಡು ಉಳಿಸುವುದು ಹೇಗೆಂದು ಒಂಬತ್ತು ವರ್ಷ ಬರೆದ ಬ್ಲಾಗಿಗೆ ಇದು ಕೊನೆಯ ಬರಹ. ಇನ್ನು ಮೇಲೆ ಮಡಕೆ ಮಾಡುತ್ತೇನೆ ಎಂದು ಅದರಲ್ಲಿ ಹೇಳಿದ್ದಳು.

“ಇನ್ನೊಂದು ತಿಂಗಳು ನೋಡೋಣ ಅತ್ತೆ. ಓದೋರು ಏನಂದ್ಕೋತಾರೋ ಏನೋ.”

ಬೀನ್ಸಿನ ನಾರು ತೆಗೆಯುತ್ತಿದ್ದ ಅತ್ತೆ ಎದ್ದು ಫ್ರಿಜ್ ಹತ್ತಿರ ಹೋದರು. ಬೇಕೆನಿಸಿದ್ದನ್ನು ಚೀಟಿಯಲ್ಲಿ ಬರೆದು, ತಾರೀಕು ಹಾಕಿ, ಫ್ರಿಜ್ ಬಾಗಿಲಿಗೆ ಅಂಟಿಸಿ ಮೂವತ್ತು ದಿನ ಕಾಯಬೇಕು. ಆಮೇಲೂ ಬೇಕೆನಿಸಿದರೆ ತರಬಹುದು. ಬ್ಲಾಗಿಗೆ ಹೆಸರು ತಂದ ನಿಯಮವದು, ಮನೆಯಲ್ಲೂ ಅದೇ ಕಾನೂನು. ಅತ್ತೆಯ ಒರಗುಕುರ್ಚಿ ಕೂಡ ಮೂವತ್ತು ದಿನ ಚೀಟಿಯಾಗಿ ನೇತಾಡಿದ ಮೇಲೇ ಒಳಗೆ ಬಂದಿತ್ತು.

ಅವರು ತಂದಿಟ್ಟ ಚೀಟಿಯ ಅಂಚು ಸುರುಳಿಗಟ್ಟಿತ್ತು. ಮೇಲೆ ಸೊಸೆಯದೇ ಅಕ್ಷರದಲ್ಲಿ ‘ಮಡಕೆ ಮಾಡೋ ತಿಗರಿ’. ಕೆಳಗೊಂದು ತಾರೀಕು, ಅದನ್ನು ಹೊಡೆದುಹಾಕಿ ಇನ್ನೊಂದು, ಅದನ್ನೂ ಹೊಡೆದು ಮತ್ತೊಂದು. ಹೀಗೆ ಸಾಲಾಗಿ ಇಳಿದು ಹಿಂಬದಿಗೂ ದಾಟಿದ್ದವು.

“ನನ್ನ ಕುರ್ಚಿಗೆ ಒಂದೇ ತಾರೀಕು ಹಾಕಿದ್ದೆ ಕಣೇ,” ಎಂದರು ಅತ್ತೆ, ಮತ್ತೆ ಬೀನ್ಸ್ ಕೈಗೆತ್ತಿಕೊಳ್ಳುತ್ತ. “ಇನ್ನೊಂದು ತಿಂಗಳು ಬೇಕಾದ್ರೆ ಬರ್ಕೋ. ಎಲ್ಲಿ ಬರೀತೀಯೋ ನೋಡು.”

ಸೊಸೆ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಸಾಸಿವೆ ಕಾಳಿನಷ್ಟೂ ಜಾಗವಿರಲಿಲ್ಲ.

ಬಟನ್ ಒತ್ತಿದಳು.